ನೆಲದಿಂದ ಏಳುವ ಪಾಠ

"ಕೈ ತೆಗಿ," ಅಂದಳು ಗೋದಾಂಬರಿ.

ಅಂಗಳದ ನಡುವೆ ಮಲಗಿಸಿದ್ದ ಮಹಿಮಾನಂದನ ಹೆಣದ ಮೇಲೆ ಬಗ್ಗಿ, ಡನೂಟಾ ಅವನ ಕತ್ತಿನ ಕೆಳಗೆ ಮಡಿಸಿದ ಕಂಬಳಿಯೊಂದನ್ನು ತೂರಿಸುತ್ತಿದ್ದಳು. ಅವಳ ಕೈ ಅಲ್ಲೇ ನಿಂತಿತು.

"ಗುರೂಜಿಯ ಕತ್ತು ಸ್ವಲ್ಪ ಎತ್ತರದಲ್ಲಿ ಇರಬೇಕು ಮಾತಾಜಿ. ಇಲ್ಲದಿದ್ದರೆ ಅವರಿಗೆ ನೋವು ಬರುತ್ತದೆ."

"ಬೆಂಕಿಗೆ ಹೋಗೋ ಕತ್ತಿಗೆ ಇನ್ನೆಲ್ಲೀ ನೋವು? ತೆಗಿ ಅಂದ್ರೆ ತೆಗಿ. ಮತ್ತೆ ನನ್ನ ಮಾತಾಜಿ ಅನ್ಬೇಡ. ನಿನ್ನ ತಲೇನೂ ನರೆತಿದೆ."

ಡನೂಟಾ ಕಂಬಳಿ ತೆಗೆದುಕೊಂಡು ಹಿಂದೆ ಸರಿದು, ಗೋಡೆಯ ಪಕ್ಕ ಜಮಖಾನದ ಮೇಲೆ ಕೂತಿದ್ದ ತನ್ನ ಜೊತೆಯ ಶಿಷ್ಯರ ನಡುವೆ ಹೋಗಿ ಕುಳಿತಳು. ಗೋದಾಂಬರಿಯ ಹೊಟ್ಟೆ ಉರಿದುಹೋಯಿತು. ಗಂಡನಿಗೆ ಕತ್ತುನೋವಿತ್ತೆಂದು ಅವಳಿಗೆ ಗೊತ್ತೇ ಇರಲಿಲ್ಲ. ಎಲ್ಲಿಯದೋ ಪೋಲೆಂಡಿನ ಹೆಂಗಸಿಗೆ ಗೊತ್ತಿತ್ತು.

ಮಹಿಮಾನಂದ ಥಪಲಿಯಾಲ್ ದೊಡ್ಡ ಗುರುವೇನಲ್ಲ. ಋಷಿಕೇಶದ ಗೋಡೆಗಳ ಮೇಲೆಲ್ಲ ಗಡ್ಡದ ಗುರುಗಳ ಚಿತ್ರಗಳು ರಾರಾಜಿಸುತ್ತವಲ್ಲ, ಅವುಗಳಲ್ಲಿ ಅವನದೊಂದೂ ಇರಲಿಲ್ಲ. ಅವನು ಕಲಿಸುತ್ತಿದ್ದುದು ಕಲಿಸುವವರಿಗೆ. ಯೋಗ ಕಲಿತು, ಸರ್ಟಿಫಿಕೇಟು ಪಡೆದು, ತಮ್ಮ ತಮ್ಮ ಊರಲ್ಲಿ ತರಗತಿ ನಡೆಸುವ ಮಾಸ್ತರರು ಆ ಸರ್ಟಿಫಿಕೇಟು ಚಾಲ್ತಿಯಲ್ಲಿರಬೇಕೆಂದರೆ ಆಗಾಗ ಬಂದು ಮತ್ತಷ್ಟು ಕಲಿಯಬೇಕು. ಅಂಥವರು ಚಳಿಗಾಲ ಶುರುವಾಗುವ ಹೊತ್ತಿಗೆ ತಪೋವನ ಬಡಾವಣೆಯ ಹಿಂದಿನ ಓಣಿಯಲ್ಲಿದ್ದ ಅವನ ತಗಡಿನ ಹಾಲ್ ಹುಡುಕಿಕೊಂಡು ಬರುತ್ತಿದ್ದರು. ಸೊಂಟ ಹಿಡಿದವರಿಗೆ, ಮಂಡಿ ಸವೆದವರಿಗೆ, ಮುದುಕರಿಗೆ ಹೇಗೆ ಕಲಿಸಬೇಕೆಂದು ಅವನು ತೋರಿಸಿಕೊಡುತ್ತಿದ್ದ. ನಿನ್ನೆ ಸಂಜೆ ಆ ಹಾಲ್‌ನಲ್ಲೇ ಎದೆ ಹಿಡಿದುಕೊಂಡು ಕುಸಿದ. ಮೈದುನ ಚಂಡಿಪ್ರಸಾದನ ಸ್ಕೂಟರಿನ ಹಿಂದೆ ಕೂತು ಗೋದಾಂಬರಿ ಅಲ್ಲಿಗೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ತಲೆ ಡನೂಟಾಳ ತೊಡೆಯ ಮೇಲಿತ್ತು. ಬಾಯಿಗೆ ಗಂಗೆಯನ್ನೂ ಅವಳೇ ಬಿಟ್ಟಿದ್ದಳು.

ಕೊನೆಯ ಉಸಿರನ್ನೂ ಆ ಶಿಷ್ಯರಿಗೇ ಕೊಟ್ಟು ಹೋದ.

"ಚಂಡೀ," ಎಂದು ಮೈದುನನನ್ನು ಕರೆದಳು. "ಅವರನ್ನೆಲ್ಲ ಕಳಿಸಿಬಿಡು. ಚಟ್ಟ ಏಳೋ ಹೊತ್ತಿಗೆ ಒಬ್ರೂ ಇಲ್ಲಿ ಇರಬಾರದು."

"ಹೇಗೆ ಕಳಿಸ್ಲಿ ಭಾಭೀ? ಬೆಳಗಾಗೋ ಮುಂಚೆ ಬಂದು ಕೂತಿದ್ದಾರೆ. ಒಂದು ತೊಟ್ಟು ಚಹಾನೂ ಕುಡಿದಿಲ್ಲ."

"ಅವರು ಬದುಕಿದ್ದಷ್ಟು ದಿನಾನೂ ಇವರ ಪಾಲೇ ಆಯ್ತು. ಹೆಣವಾದ್ರೂ ನನಗಿರಲಿ."

ಓರಗಿತ್ತಿ ಸತೇಶ್ವರಿ ಅವಳ ಭುಜ ಒತ್ತಿದಳು. "ದೀದಿ, ಜನ ಕೇಳಿಸ್ಕೋತಾರೆ. ಅಂಥಾ ಸಾಧು ಮನುಷ್ಯನ ಮೇಲೆ..."

"ಸಾಧು ಅಲ್ಲ ಅಂತ ನಾನಂದೆನಾ? ಕೆಟ್ಟೋರಾಗಿದ್ರೆ ಬೈದು ಹಗುರಾಗ್ತಿದ್ದೆ."

*

ಹಿಂದೊಮ್ಮೆ ಗಂಡ ಬುತ್ತಿ ಮರೆತು ಹೋಗಿದ್ದನೆಂದು ಅವಳೇ ಹಾಲ್‌ಗೆ ಒಯ್ದಿದ್ದಳು. ಒಳಗೆ ಕಾಲಿಡದೆ ಕಿಟಕಿಯಿಂದ ಇಣುಕಿದಳು. ತನ್ನ ವಯಸ್ಸಿನವಳೇ ಒಬ್ಬಳು ಅಂಗಾತ ಮಲಗಿದ್ದಳು. ಮಹಿಮಾನಂದ ಅವಳ ಹಿಮ್ಮಡಿಯನ್ನು ಎರಡೂ ಅಂಗೈಯಲ್ಲಿಟ್ಟುಕೊಂಡು ಸುಮ್ಮನೆ ಕೂತಿದ್ದ. ಎಳೆಯಲಿಲ್ಲ, ತಿರುಚಲಿಲ್ಲ. ಕಾಲು ತಾನಾಗಿ ಸಡಿಲವಾಗಲೆಂದು ಕಾಯುತ್ತಿದ್ದ.

ಮನೆಯಲ್ಲಿ ಚಹಾ ಆರುವವರೆಗೆ ಕಾಯದೆ ನಾಲಿಗೆ ಸುಟ್ಟುಕೊಳ್ಳುವ ಮನುಷ್ಯ ಇವನೇನಾ ಎನ್ನಿಸಿತು. ಬುತ್ತಿಯನ್ನು ಹೊಸ್ತಿಲಲ್ಲಿಟ್ಟು ತಿರುಗಿ ನೋಡದೆ ಬಂದಳು.

ಅಂದು ರಾತ್ರಿ ಬಡಿಸುತ್ತಾ ಕೇಳಿದಳು. "ನನ್ನ ಮಂಡಿ ಕಂಡಿದ್ದೀರಲ್ಲ. ನನಗೂ ಒಂದಿಷ್ಟು ಹೇಳಿಕೊಡಬಾರದಾ?"

ಅವನು ರಾಗಿರೊಟ್ಟಿ ಮುರಿಯುತ್ತಾ ನಕ್ಕ. "ನಿನಗೇನು ಹೇಳಿಕೊಡ್ಲಿ? ನಿನಗೆ ಬರುತ್ತಲ್ಲ."

ಎರಡು ದಿನ ಅವಳು ಮಾತು ಬಿಟ್ಟಳು. ಅವನು ಅದನ್ನು ಗಮನಿಸಿದನೋ ಇಲ್ಲವೋ, ಅದೂ ಅವಳಿಗೆ ತಿಳಿಯಲಿಲ್ಲ.

*

ಬಿದಿರು ಬಂತು. ಚಂಡಿಪ್ರಸಾದ ಮತ್ತು ನೆರೆಯವರು ಚಟ್ಟ ಕಟ್ಟತೊಡಗಿದರು. ಡನೂಟಾ ಕೂತಲ್ಲಿಂದಲೇ ಅಂಗೈ ಊರಿಕೊಂಡು ಹತ್ತಿರ ಸರಿದು ಬಂದಳು. ಹಲವು ಚಳಿಗಾಲ ಇಲ್ಲಿ ಕಳೆದು ಅವಳ ಮಾತು ಚೆನ್ನಾಗಿಯೇ ಇತ್ತು. ಕಣ್ಣು ಊದಿಕೊಂಡಿತ್ತು.

"ದೀದಿ ಅನ್ನಲೇ?"

"ಏನಾದ್ರೂ ಅನ್ನು."

"ನಾವೆಲ್ಲ ಬೇರೆ ಬೇರೆ ಕಡೆ ಕಲಿತು, ಕಲಿಸುತ್ತಾ ಇರುವವರು ದೀದಿ. ಆದರೆ ಗುರೂಜಿ ಎಲ್ಲಿಯೂ ಸಿಗದ ಪಾಠ ಹೇಳುತ್ತಿದ್ದರು. ನನ್ನ ಅಮ್ಮನಿಗೆ ಎಂಬತ್ತು ದಾಟಿದೆ, ಮಂಡಿ ಸವೆದಿದೆ. ಅವರ ಪಾಠದಿಂದಲೇ ಇವತ್ತಿಗೂ ಅವಳ ಕೆಲಸ ಅವಳೇ ಮಾಡಿಕೊಳ್ಳುತ್ತಾಳೆ. ಇದನ್ನೆಲ್ಲ ಎಲ್ಲಿ ಕಲಿತಿರಿ ಅಂದರೆ, ಮನೆಯಲ್ಲಿ ಅಂತ ನಗುತ್ತಿದ್ದರು."

"ಮನೇಲಾ? ಅವರಪ್ಪ ಪುರೋಹಿತ. ಕೋಲು ಹಿಡಿದುಕೊಂಡ್ರೂ ಅವರನ್ನ ಏಳಿಸೋಕೆ ನಾಲ್ಕು ಜನ ಬೇಕಿತ್ತು." ಗೋದಾಂಬರಿ ಮುಖ ತಿರುಗಿಸಿದಳು. "ನಿಮ್ಮಮ್ಮನ ಮಂಡಿ ನೆಟ್ಟಗಾಯ್ತಲ್ಲ, ಸಂತೋಷ. ಹೋಗಿ ಕೂತ್ಕೋ. ಚಟ್ಟಕ್ಕೆ ಮಾತ್ರ ಕೈ ಹಚ್ಚಬೇಡಿ."

ಸಮುದ್ರದಾಚೆಯ ಮುದುಕಿಗೆ ಸಿಕ್ಕಿದ್ದು ಪಕ್ಕದಲ್ಲಿ ಮಲಗುವವಳಿಗೆ ಸಿಗಲಿಲ್ಲ. ಕಾಣದ ಆ ಮುದುಕಿಯ ಮೇಲೂ ಗೋದಾಂಬರಿಗೆ ಹೊಟ್ಟೆಕಿಚ್ಚಾಯಿತು. ಹಾಗಾಯಿತೆಂದು ನಾಚಿಕೆಯೂ ಆಗಲಿಲ್ಲ.

*

ಮದುವೆಯಾದ ಹೊಸದರಲ್ಲಿ, ಇನ್ನೂ ಗುಡ್ಡದ ಮೇಲಿನ ಊರಲ್ಲಿದ್ದಾಗ, ಹುಲ್ಲು ಕೊಯ್ಯಲು ಹೋಗಿ ಇಳಿಜಾರಿನಲ್ಲಿ ಜಾರಿ ಬಿದ್ದಿದ್ದಳು. ಎಡ ಮಂಡಿ ಅಂದೇ ಹೋಯಿತು. ಮಂಡಿ ಹೋಯಿತೆಂದು ಅತ್ತೆ ಹುಲ್ಲು ತರುವುದನ್ನು ಬಿಡಿಸಲಿಲ್ಲ. ಬೆನ್ನ ಮೇಲೆ ಹೊರೆ ಕಟ್ಟಿಕೊಂಡು ಕೂತಲ್ಲಿಂದ ಏಳಬೇಕಿತ್ತು. ಅತ್ತು, ಬಿದ್ದು, ಕೊನೆಗೆ ತನ್ನದೇ ಒಂದು ಬಗೆ ಕಂಡುಕೊಂಡಳು. ಎಡ ಅಂಗೈ ನೆಲಕ್ಕೆ, ಬಲಗಾಲು ಮುಂದಕ್ಕೆ, ಬಲಗೈ ತೊಡೆಯ ಮೇಲೆ. ಅಲ್ಲಿ ಒಂದಿಷ್ಟು ತಡೆದು "ಹೂಂ" ಎಂದು ಉಸಿರು ಬಿಟ್ಟು ಎದ್ದರೆ ಮಂಡಿಗೆ ಗೊತ್ತೇ ಆಗುತ್ತಿರಲಿಲ್ಲ.

ಇಲ್ಲಿಗೆ ಬಂದ ಮೇಲೂ ರೊಟ್ಟಿ ತಟ್ಟುವುದು ನೆಲದ ಮೇಲೆ ಕೂತೇ. ಮಹಿಮಾನಂದ ಮಂಚದ ಮೇಲೆ ಚಹಾ ಲೋಟ ಹಿಡಿದು ಅವಳನ್ನೇ ನೋಡುತ್ತಿದ್ದ. ಎಷ್ಟೋ ಬೆಳಗು ಹೀಗೆ.

"ಏನು ನೋಡ್ತೀರಿ? ನಾನೇನು ಸಿನಿಮಾನಾ?"

"ಇನ್ನೊಂದು ಸಲ ಕೂತು ಏಳು, ನೋಡೋಣ."

"ಕುಂಟೀನ ಆಡಿಕೊಳ್ಳೋಕೆ ನಿಮಗೂ ಬಂತಾ ಬುದ್ಧಿ!" ಎಂದು ಅವಳು ಕೈಯಲ್ಲಿದ್ದ ಇಕ್ಕಳ ಬೀಸಿ ಎಸೆದಿದ್ದಳು. ಅದು ಮಂಚದ ಕಾಲಿಗೆ ಬಡಿಯಿತು. ಅವನು ಅದನ್ನು ಎತ್ತಿ ಅವಳ ಪಕ್ಕದಲ್ಲಿಟ್ಟು ಮತ್ತೆ ಹೋಗಿ ಕೂತ. ಮತ್ತೆ ನೋಡಿದ.

*

"ರಾಮ್ ನಾಮ್ ಸತ್ಯ ಹೈ!"

ಗಂಡಸರು ಚಟ್ಟ ಎತ್ತಿದರು. ಹೆಂಗಸರ ಗೋಳು ಒಮ್ಮೆಲೇ ಎದ್ದಿತು. ಸತೇಶ್ವರಿ ಅಳುತ್ತಾ ಅಳುತ್ತಾ ಇದ್ದಕ್ಕಿದ್ದಂತೆ ಸೆರಗಿನೊಳಗಿಂದ ಗೋದಾಂಬರಿಯ ತೋಳು ಹಿಡಿದಳು.

"ದೀದಿ... ದೀದಿ, ಅಲ್ಲಿ ನೋಡು. ಇವರೆಲ್ಲ ನಿನ್ನ ಹಾಗೇ ಏಳ್ತಿದ್ದಾರೆ!"

ಜಮಖಾನದ ಮೇಲಿದ್ದವರೆಲ್ಲ ಏಳುತ್ತಿದ್ದರು. ಡನೂಟಾ, ಪುಣೆಯ ಇಬ್ಬರು ಹೆಂಗಸರು, ಜಿಂಕೆಯಂತೆ ನೆಗೆದು ನಿಲ್ಲಬಲ್ಲ ಎಳೆಯ ಪ್ರಾಯದವರು ಕೂಡ. ಎಡ ಅಂಗೈ ನೆಲಕ್ಕೆ. ಬಲಗಾಲು ಮುಂದಕ್ಕೆ. ಬಲಗೈ ತೊಡೆಯ ಮೇಲೆ. ಎಲ್ಲರೂ ಅಲ್ಲೇ ಒಂದಿಷ್ಟು ತಡೆದರು. "ಹೂಂ" ಎಂದರು.

ಗೋದಾಂಬರಿ ಮುಖದ ಮೇಲಿನ ಸೆರಗು ಸರಿಸಿ ನೋಡಿದಳು. ಹಾಗಾದರೆ ಅವನು ನೋಡಿದ್ದ. ಆಡಿಕೊಳ್ಳಲು ಅಲ್ಲ, ಕಲಿಯಲು ನೋಡಿದ್ದ. ಮನೆಯಲ್ಲಿ ಅಂದರೆ ಈ ಒಲೆಯ ಮುಂದೆ. ಎದೆ ತುಂಬಿ ಬರುವಷ್ಟರಲ್ಲಿ ಹಳೆಯ ಉರಿ ಮತ್ತೆ ಭುಗಿಲೆದ್ದಿತು. ಹುಲ್ಲಿನ ಹೊರೆಯ ಕೆಳಗೆ ಅತ್ತು ಸಂಪಾದಿಸಿದ್ದು ಅದು. ಅವಳದು ಅಂತ ಇದ್ದುದು ಅದೊಂದೇ. ಒಂದು ಮಾತೂ ಕೇಳದೆ ಊರಿಗೆಲ್ಲ ಹಂಚಿಬಿಟ್ಟಿದ್ದ.

ಕೊನೆಯ ಸಾಲಿನಲ್ಲಿ ಕೆಂಪುಗೂದಲಿನ ಒಬ್ಬಳು ಬಲ ಅಂಗೈ ಊರಿ ತಡಬಡಾಯಿಸುತ್ತಿದ್ದಳು. ಗೋದಾಂಬರಿಗೆ ಅದನ್ನು ನೋಡಲಾಗಲಿಲ್ಲ.

"ಬಲಗೈ ಅಲ್ಲ!"

ಗೋಳು ನಿಂತಿತು. ಆ ಹೆಣ್ಣು ಬೆಚ್ಚಿ ಇದ್ದಲ್ಲೇ ಕೂತಳು.

"ಎಡಗೈ. ಬಲಗೈ ಊರಿದ್ರೆ ಭಾರ ಪೂರಾ ಕೆಟ್ಟ ಮಂಡಿ ಮೇಲೇ ಬೀಳುತ್ತೆ. ಇಷ್ಟೇನಾ ಅವರು ನಿಮಗೆ ಕಲಿಸಿದ್ದು?"

ಡನೂಟಾ ಪಿಸುಮಾತಿನಲ್ಲಿ ಅದನ್ನು ಆ ಹೆಣ್ಣಿಗೆ ಇಂಗ್ಲಿಷಿನಲ್ಲಿ ತಿಳಿಸಿ ಹೇಳಿದಳು. ಹೇಳುತ್ತಾ ಹೇಳುತ್ತಾ ಗೋದಾಂಬರಿಯ ಮಂಡಿಯನ್ನು ನೋಡಿದಳು, ಆಮೇಲೆ ಮುಖವನ್ನು.

ಬಾಗಿಲ ಬಳಿ ಚಟ್ಟಕ್ಕೆ ಹೆಗಲು ಕೊಟ್ಟಿದ್ದ ಚಂಡಿಪ್ರಸಾದ ಕತ್ತು ಹೊರಳಿಸಿದ. "ಭಾಭೀ, ಹೊತ್ತಾಗ್ತಿದೆ."

"ಸ್ವಲ್ಪ ನಿಲ್ಲು. ಇಷ್ಟು ವರ್ಷ ನಾನು ಕಾದಿಲ್ವಾ? ನಿನ್ನಣ್ಣನೂ ಒಂದು ಗಳಿಗೆ ಕಾಯಲಿ."

ಅವಳು ಎಡ ಅಂಗೈಯನ್ನು ಅಂಗಳದ ಕಲ್ಲಿಗೆ ಊರಿದಳು. ಬಲಗಾಲು ಮುಂದಿಟ್ಟಳು. ತೊಡೆಯ ಮೇಲೆ ಕೈ. "ಹೂಂ." ಎದ್ದು ನಿಂತಳು. ಅವರೆಲ್ಲರ ಕಣ್ಣು ಅವಳ ಅಂಗೈಯ ಮೇಲೆ, ಮಂಡಿಯ ಮೇಲೆ ಇತ್ತು. ಚಹಾ ಲೋಟ ಹಿಡಿದವನು ಮಂಚದಿಂದ ನೋಡುತ್ತಿದ್ದುದು ಹೀಗೆಯೇ.

ಗೋದಾಂಬರಿ ಮೆಲ್ಲನೆ ಮತ್ತೆ ನೆಲಕ್ಕೆ ಇಳಿದು ಕೂತಳು.

"ಇನ್ನೊಂದು ಸಲ. ಈ ಸಲ ಸರಿಯಾಗಿ ನೋಡ್ಕೋ."

ಬಾಗಿಲಲ್ಲಿ ಗಂಡಸರು ಚಟ್ಟವನ್ನು ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಬದಲಿಸಿಕೊಂಡು ನಿಂತರು. ಕೆಂಪುಗೂದಲಿನವಳು ಕಣ್ಣೊರೆಸಿಕೊಂಡು, ಎಡ ಅಂಗೈಯನ್ನು ಬೆರಳು ಬಿಡಿಸಿ ಕಲ್ಲಿನ ಮೇಲಿಟ್ಟಳು.