ಬಾಗಿಲ ಹಿಂದಿನ ಒಂದು ಗೇಣು

“ಕರದಿಯೇನಲೇ?”

ಸಿರಿಗೇರಿ ಕ್ರಾಸಿನಲ್ಲಿ ಲಾರಿ ಚಹಾಕ್ಕೆ ನಿಂತಾಗ ಅವ್ವ ನನ್ನನ್ನು ಕೇಳಿದಳು. ಕುರುಗೋಡು ಬಿಟ್ಟ ಮೇಲೆ ಅವಳು ಆಡಿದ ಮೊದಲ ಮಾತು ಅದು.

“ಕರದೆ.”

“ಮೂರೂ ಮಂದೀನ?”

“ಹೂಂ.”

ಅವ್ವ ಕಣ್ಣು ಮುಚ್ಚಿ ಕ್ಯಾಬಿನ್ನಿನ ಹಲಗೆಗೆ ತಲೆ ಆನಿಸಿದಳು. ಎಷ್ಟೋ ತಿಂಗಳಿಂದ ಬಿಗಿಹಿಡಿದಿದ್ದ ಅವಳ ಹೆಗಲು ಮೆಲ್ಲಗೆ ಇಳಿಯಿತು. ನಾನು ಹೇಳಿದ್ದು ಸುಳ್ಳು. ಅದು ೧೯೭೨, ನನಗೆ ಹತ್ತು ವರ್ಷ.

ಅವ್ವ ಚನ್ನವೀರಮ್ಮ ಸರ್ಕಾರಿ ನರ್ಸು. ಹಳ್ಳಿಹಳ್ಳಿ ತಿರುಗಿ ಹೆರಿಗೆ ಮಾಡಿಸುವುದು ಅವಳ ಕೆಲಸ. ಅಪ್ಪ ಗಾದಿಲಿಂಗಪ್ಪ ಟೇಲರು. ಅವನ ಮೆಷಿನ್ನು ಯಾವ ಊರಲ್ಲಿ ಇಟ್ಟರೂ ಓಡುತ್ತಿತ್ತು, ಹಾಗಾಗಿ ಅವ್ವನಿಗೆ ಆರ್ಡರು ಬಂದ ಕಡೆಗೆ ನಾವೆಲ್ಲ ಹೊರಡುವುದು. ಸಿರುಗುಪ್ಪಕ್ಕೆ ಹೊರಟ ಆ ದಿನ ಲಾರಿ ಡ್ರೈವರು ಅಪ್ಪನನ್ನು ಕೆಣಕಿದ್ದ. “ಗಂಡನ ಹಿಂದ ಹೇಣ್ತಿ ಹೋಗೋದು ಕಂಡೀನಿ. ನಿಮ್ದೇನ್ರಿ ಉಲ್ಟಾ?” ಅಪ್ಪ ಮೆಷಿನ್ನಿನ ಕಾಲಿಗೆ ಹಗ್ಗ ಬಿಗಿಯುತ್ತ, “ನಮ್ಮನ್ಯಾಗ ಪಗಾರ ಆಕೀದು, ಗುಂಡಿ ಹಚ್ಚೋದಷ್ಟ ನಂದು,” ಎಂದು ನಕ್ಕಿದ್ದ.

ಮನೆ ಬಿಡುವಾಗ ಅಜ್ಜಿ ಕಲಿಸಿಹೋದ ಒಂದು ಪದ್ಧತಿ ನಮ್ಮಲ್ಲಿತ್ತು. ಸಾಮಾನೆಲ್ಲ ಹೊರಬಿದ್ದ ಮೇಲೆ ಮನೆಯ ಹೆಣ್ಣೊಬ್ಬಳು ಹೊಸ್ತಿಲ ಹೊರಗೆ ನಿಂತು, ಒಳಗೆ ಮುಖ ಮಾಡಿ, ಆ ಮನೆಯ ಒಂದೊಂದು ಮಗುವನ್ನೂ ಮೂರು ಮೂರು ಸಲ ಹೆಸರು ಹಿಡಿದು ಕರೆಯಬೇಕು. “ಬಾ, ಹೊಂಟೀವಿ.” ಕರೆಯದಿದ್ದರೆ ಮಗು ಹೊರಟುಬಂದರೂ ಅದರ ಜೀವ ಅಲ್ಲೇ ಆಡುತ್ತ ಉಳಿದುಬಿಡುತ್ತದಂತೆ. ಅವ್ವ ಇಂಥದ್ದಕ್ಕೆಲ್ಲ ನಗುವವಳು. ಕತ್ತರಿ ಕುದಿಸದೆ ಮುಟ್ಟದವಳು, ಬಾಣಂತಿಯ ತಲೆದಿಂಬಿನ ಕೆಳಗೆ ಕಬ್ಬಿಣ ಇಟ್ಟರೆ ಬೈದು ತೆಗೆಸುವವಳು. ಆ ದಿನ ಮಾತ್ರ ನನ್ನ ರಟ್ಟೆ ಹಿಡಿದು, “ಹಂಪಿ, ನೀ ಕರಿ. ಮೂರೂ ಮಂದೀನ ಕರಿ. ಜಂಬೀನ್ನೂ,” ಎಂದು ಹೇಳಿ ಹಿಂದಿರುಗಿ ನೋಡದೆ ಲಾರಿ ಹತ್ತಿದ್ದಳು.

ಜಂಬಮ್ಮ ನನ್ನ ತಂಗಿ. ಅವಳು ಸತ್ತು ಆಗ ಹನ್ನೊಂದು ತಿಂಗಳಾಗಿತ್ತು.

ಬೇಸಿಗೆಯ ವಾಂತಿಭೇದಿ. ಎರಡೂವರೆ ವರ್ಷದ ಕೂಸು. ಸಂಜೆಗೆ ಸ್ವಲ್ಪ ಗೆಲುವಾಗಿದ್ದಳು, ಅಷ್ಟರಲ್ಲಿ ನಾಲ್ಕು ಮೈಲಿ ಆಚೆಯ ಹಳ್ಳಿಯಿಂದ ಬಂಡಿ ಬಂತು. ಯಾರಿಗೋ ಹೊಟ್ಟೆಯಲ್ಲಿ ಕೂಸು ಅಡ್ಡಾಗಿದೆ ಎಂದರು. ಅವ್ವ ಜಂಬಿಯ ಹೊಟ್ಟೆ ಮುಟ್ಟಿ ನೋಡಿದಳು, ಕಣ್ಣರೆಪ್ಪೆ ಎಳೆದು ನೋಡಿದಳು, ಗಂಜಿಯ ತಿಳಿ ಹೇಗೆ ಕುಡಿಸಬೇಕೆಂದು ಅಪ್ಪನಿಗೂ ನನಗೂ ಹೇಳಿ ಪೆಟ್ಟಿಗೆ ಎತ್ತಿಕೊಂಡು ಬಂಡಿ ಹತ್ತಿದಳು. ಮರುದಿನ ಮಧ್ಯಾಹ್ನ ಅವಳು ಬರುವಷ್ಟರಲ್ಲಿ ಜಂಬಿ ಇರಲಿಲ್ಲ. ಅಲ್ಲಿ ತಾಯಿ, ಮಗು ಇಬ್ಬರೂ ಉಳಿದಿದ್ದರು. ಊರ ಹೆಂಗಸರು ಬಂದು ಅದೇ ದೊಡ್ಡ ಪುಣ್ಯ ಎಂದಾಗ ಅವ್ವ ಎದ್ದು ಒಳಗೆ ಹೋದಳು. ಗುಡ್ಡದ ಬುಡದಲ್ಲಿ ಮಣ್ಣು ಮಾಡಿದರು. ಅವ್ವ ಅತ್ತದ್ದನ್ನು ನಾನು ನೋಡಲಿಲ್ಲ.

ಜಂಬಿಗೆ ಗೊತ್ತಿದ್ದದ್ದು ಒಂದೇ ಆಟ. ತಲೆಬಾಗಿಲ ಎಡಗದದ ಹಿಂದೆ, ಗೋಡೆಗೂ ಕದಕ್ಕೂ ನಡುವಿನ ಸಂದಿಯಲ್ಲಿ ನಿಂತು, “ಅಕ್ಕಾ, ನಾ ಇಲ್ಲಾ!” ಎಂದು ಕೂಗುವುದು. ಹುಡುಕಿ ಹಿಡಿದರೆ ಸಾಲದು, ಹೆಸರು ಹಿಡಿದು ಮೂರು ಸಲ ಕರೆಯಬೇಕು. ಕರೆಯದೆ ಎಳೆದು ತಂದರೆ ಅತ್ತು ಮತ್ತೆ ಅಲ್ಲೇ ಹೋಗಿ ನಿಲ್ಲುವಳು. ಒಮ್ಮೆ ನಾನು ಆಟ ಮರೆತು ನೀರಿಗೆ ಹೋಗಿಬಿಟ್ಟಿದ್ದೆ. ಎರಡು ಕೊಡ ತಂದು ಇಳಿಸಿದಾಗಲೂ ಅಲ್ಲೇ ನಿಂತಿದ್ದಳು, ನಿಂತಲ್ಲೇ ತೂಕಡಿಸುತ್ತ.

ಆ ಬಾಗಿಲ ಮುಂದೆ ನಿಂತು ನಾನು ತಮ್ಮನನ್ನು ಕರೆದೆ. “ಕೊಟ್ರಾ, ಬಾ, ಹೊಂಟೀವಿ.” ಮೂರು ಸಲ. ಹಂಪಿ ಎಂದು ನನ್ನ ಹೆಸರನ್ನು ನಾನೇ ಮೂರು ಸಲ ಕರೆದುಕೊಂಡೆ. ಆಮೇಲೆ ಬಾಯಿ ತೆರೆದು ನಿಂತೆ. ಹನ್ನೊಂದು ತಿಂಗಳಿಂದ ಅವ್ವ ನಮ್ಮಿಬ್ಬರನ್ನು ನೋಡಿರಲಿಲ್ಲ. ತಲೆ ಬಾಚಲು ಕೂರಿಸಿಕೊಂಡರೆ ನಡುವೆ ಬಾಚಣಿಕೆ ನಿಂತುಹೋಗುತ್ತಿತ್ತು. ಅರ್ಧ ಹೆಣೆದ ಜಡೆ ಹಿಡಿದು ನಾನು ಎಷ್ಟು ಹೊತ್ತು ಕೂತರೂ ಹಿಂದಿನಿಂದ ಕೈ ಬರುತ್ತಿರಲಿಲ್ಲ. ಜಂಬಿ ಇಲ್ಲೇ ಉಳಿದರೆ ಅವ್ವ ಪೂರ್ತಿ ನಮ್ಮ ಜೊತೆ ಬರುತ್ತಾಳೆ ಅನ್ನಿಸಿತು. ಬಾಯಿ ಮುಚ್ಚಿದೆ. ಎರಡೂ ಕದ ಎಳೆದು, ಚಿಲಕ ಹಾಕಿ, ಬೀಗ ಜಡಿದೆ.

ಸಿರುಗುಪ್ಪದಲ್ಲಿ ಅವ್ವ ನಿಜಕ್ಕೂ ಸುಧಾರಿಸಿದಳು. ಅದೇ ನನಗೆ ಶಿಕ್ಷೆಯಾಯಿತು. ಸುತ್ತ ಭತ್ತದ ಗದ್ದೆ, ಕಾಲುವೆ, ಸೊಳ್ಳೆ, ಹಗಲೆಲ್ಲ ಅಕ್ಕಿ ಗಿರಣಿಯ ಸದ್ದು. ಅವ್ವ ಬಿಳಿ ಸೀರೆ ಉಟ್ಟು ಕಾಲುವೆ ದಂಡೆ ಹಿಡಿದು ಹೊರಟರೆ, “ನರ್ಸಮ್ಮ ಬಂದ್ಲು, ಇನ್ನ ಹೆದ್ರಿಕಿಲ್ಲ,” ಎಂದು ಹೆಂಗಸರು ಅಂಗಳಕ್ಕೆ ಬರುತ್ತಿದ್ದರು. ಸಂಜೆ ಊಟಕ್ಕೆ ಕೂರುವ ಮುಂಚೆ ಎದ್ದುಹೋಗಿ ತಲೆಬಾಗಿಲ ಕದವನ್ನು ಒಂದು ಗೇಣು ತೆರೆದಿಟ್ಟು ಬರುತ್ತಿದ್ದಳು. ಒಂದೊಂದು ಸಲ ಸಾರು ಬಡಿಸುತ್ತ, “ನಿಮ್ಮ ತಂಗಿಗೆ ಈ ತಿಂಗಳಿಗೆ ಐದು ತುಂಬಿತು,” ಎನ್ನುತ್ತಿದ್ದಳು, ಸುಮ್ಮನೆ, ಯಾರದೋ ಮಗುವಿನ ಲಸಿಕೆಯ ದಿನ ಹೇಳುವ ಹಾಗೆ.

ಪ್ರತಿ ಯುಗಾದಿಗೆ ಅಪ್ಪ ಉಳಿದ ತುಂಡುಬಟ್ಟೆಯಲ್ಲಿ ಒಂದು ಫ್ರಾಕು ಹೊಲಿಯುತ್ತಿದ್ದ. ಮೊದಲ ವರ್ಷ ಮೂರರ ಅಳತೆ, ಮರುವರ್ಷ ನಾಲ್ಕರದು. ಯಾವ ಮಗುವನ್ನೂ ನಿಲ್ಲಿಸಿ ಅಳೆಯುತ್ತಿರಲಿಲ್ಲ. ಅವ್ವ ಅದನ್ನು ಒಂದು ದಿನ ದೇವರ ಮುಂದಿಟ್ಟು, ಆಮೇಲೆ ತಾನು ಹೋದ ಹಳ್ಳಿಯಲ್ಲಿ ಯಾವುದಾದರೂ ಹುಡುಗಿಗೆ ಹಾಕಿ ಬರುತ್ತಿದ್ದಳು.

ನಾನು ಬಾಗಿಲ ಹಿಂದೆ ನೋಡುತ್ತಿದ್ದೆ. ಮನೆಯಲ್ಲಿ ಯಾರೂ ಇಲ್ಲದಾಗ ಕದಕ್ಕೆ ಕಿವಿ ಹಚ್ಚುತ್ತಿದ್ದೆ. ಓಣಿಯ ಹುಡುಗಿಯರು ಹುಣಸೆ ಮರದ ದೆವ್ವಕ್ಕೆ ಹೆದರುತ್ತಿದ್ದರೆ, ನಾನು ನಮ್ಮ ಮನೆಯಲ್ಲಿ ಯಾವ ದೆವ್ವವೂ ಇಲ್ಲದ್ದಕ್ಕೆ ಹೆದರುತ್ತಿದ್ದೆ. ಅವ್ವ ತೆರೆದಿಟ್ಟ ಒಂದು ಗೇಣಿನಿಂದ ಸೊಳ್ಳೆ ಮಾತ್ರ ಒಳಗೆ ಬರುತ್ತಿತ್ತು.

೧೯೭೮ರ ಜನವರಿಯಲ್ಲಿ ಬಳ್ಳಾರಿಗೆ ವರ್ಗವಾಯಿತು. ನನಗೆ ಹದಿನಾರು. ಹೊರಡುವ ದಿನ ನಾನು ಹೊಸ್ತಿಲ ಕಡೆಗೆ ಹೆಜ್ಜೆ ಹಾಕಿದ್ದೇ ತಡ ಅವ್ವ ತಡೆದಳು. “ಈ ಸಲ ನಾ ಕರೀತೀನಿ. ನೀ ಹತ್ತು.”

ಲಾರಿಯ ಕ್ಯಾಬಿನ್ನಿನಿಂದ ಕೇಳಿದೆ. ನನ್ನನ್ನು ಕರೆದಳು, ಕೊಟ್ರನನ್ನು ಕರೆದಳು. “ಜಂಬೀ, ಬಾ, ಹೊಂಟೀವಿ.” ಒಂದು ಸಲ. ಎರಡು ಸಲ. ಮೂರನೆಯದು ಬರಲಿಲ್ಲ. ಡ್ರೈವರು ಹಾರ್ನ್ ಹೊಡೆದು, “ಜಲ್ದಿ ಬರ್ರಿ ಅಮ್ಮಾ,” ಎಂದ ಮೇಲೆ ಬಂದು ನನ್ನ ಪಕ್ಕ ಕೂತಳು. ಬಳ್ಳಾರಿಯ ಕೋಟೆಗುಡ್ಡ ಕಂಡಿತು. ಆಮೇಲೆ, ಗಾಜಿನಾಚೆ ನೋಡುತ್ತಲೇ ಹೇಳಿದಳು.

“ಬಣಬಣ ಅಂತು ಮನಿ. ಆಕಿ ಅಲ್ಲಿ ಇರಲೇ ಇಲ್ಲ ನೋಡು.”

ನಾನು ಗುಡ್ಡದ ಕಡೆ ಮುಖ ತಿರುಗಿಸಿದೆ.

ಕಂಟೋನ್ಮೆಂಟಿನಲ್ಲಿ ಬಿಳಿಯರ ಕಾಲದ ದೊಡ್ಡ ಮನೆಯೊಂದರ ಹಿಂದೆ ಎರಡು ಕೋಣೆ ಸಿಕ್ಕವು. ನೆಟ್ಟನೆಯ ರಸ್ತೆಗಳು, ಬೇವಿನ ಮರಗಳು, ಆಳೆತ್ತರಕ್ಕಿಂತ ಎತ್ತರದ ಬಾಗಿಲು. ಅವ್ವ ದೀಪ ಹಚ್ಚುವ ಹೊತ್ತಿಗೇ ಆ ಬಾಗಿಲು ಹಾಕಿ ಅಗಳಿ ಜಡಿಯತೊಡಗಿದಳು. ಕೆಲವು ವಾರಗಳಲ್ಲಿ ಅವಳ ಕೈ ನಡುಗಲು ಶುರುವಾಯಿತು. ಮೊದಲು ಚಹಾದ ಬಟ್ಟಲು ಸದ್ದು ಮಾಡಿತು. ಆಮೇಲೆ ಒಂದು ದಿನ ಹೊಕ್ಕುಳಬಳ್ಳಿ ಕತ್ತರಿಸುವಾಗ ಕತ್ತರಿ ಕೈಯಿಂದ ಜಾರಿತಂತೆ. ಪಕ್ಕದ ನರ್ಸು ಹಿಡಿದಳು, ಏನೂ ಆಗಲಿಲ್ಲ. ಅವ್ವ ಮನೆಗೆ ಬಂದು ರಜೆಯ ಅರ್ಜಿ ಬರೆದಳು. “ಇನ್ನ ನಾ ಯಾರ ಕೂಸನ್ನೂ ಮುಟ್ಟಬಾರದು,” ಎಂದಳು.

ಯುಗಾದಿಗೆ ಅಪ್ಪ ಎಂದಿನಂತೆ ಹಳದಿ ಹೂವಿನ ಬಟ್ಟೆಯಲ್ಲಿ ಫ್ರಾಕು ಹೊಲಿದು ಅವಳ ಮುಂದೆ ಇಟ್ಟ. ಅವ್ವ ಅದನ್ನು ಮಡಚಿ ಅವನ ಕಡೆಗೇ ತಳ್ಳಿದಳು. “ಯಾರಿಗೆ ಹೊಲದಿ? ಆಕಿ ಇಲ್ಲ.”

“ಇಲ್ಲಂದ್ರ ಹೆಂಗ,” ಎಂದ ಅಪ್ಪ. ಅಷ್ಟೇ. ಎದ್ದು ಹೊರಗೆ ಹೋಗಿ ಬೇವಿನ ಮರದ ಕೆಳಗೆ ನಿಂತ.

ಆ ಮಧ್ಯಾಹ್ನ ಅವ್ವ ನನ್ನ ತಲೆ ಬಾಚುತ್ತಿದ್ದಳು. ಅವಳ ಕೈಯ ನಡುಕ ಬಾಚಣಿಕೆಯಿಂದ ನನ್ನ ನೆತ್ತಿಗೆ ಇಳಿಯುತ್ತಿತ್ತು. ನನ್ನ ಸುಳ್ಳೇ ನಡುಗುತ್ತಿದೆ ಅನ್ನಿಸಿತು. ಮುಖ ತಿರುಗಿಸದೆ ಹೇಳಿಬಿಟ್ಟೆ.

“ಅವ್ವಾ, ಕುರುಗೋಡ್ನಾಗ ನಾ ಜಂಬೀನ ಕರೀಲಿಲ್ಲ.”

ಬಾಚಣಿಕೆ ನಿಂತಿತು. ಹೊಡೆಯಲಿ ಎಂದು ಕಾದೆ.

“ಬಾಗಲಾ ಹಾಕಿದ್ದೇನು?” ಎಂದಳು.

“ಹಾಕಿದೆ.”

“ಕೀಲಿ?”

“ಹಾಕಿದೆ.”

ಅವಳು ಬಾಚಣಿಕೆ ಕೆಳಗಿಟ್ಟಳು. “ಮಣ್ಣಿಗೆ ಕೊಟ್ಟಿದ್ದು ಮೈ ಅಷ್ಟ. ಆಕಿ ಆಟ ಅಲ್ಲೇ ಐತಿ. ಏಳು ವರ್ಷ ಆತು ನಿಂತು.” ಅರ್ಧ ಜಡೆಯನ್ನು ಬಿಡದೆ ಪೂರ್ತಿ ಹೆಣೆದಳು. ತುದಿಗೆ ರಿಬ್ಬನ್ ಕಟ್ಟಲು ಮೂರು ಸಲ ತಪ್ಪಿದಳು, ನಾಲ್ಕನೆಯ ಸಲ ಕಟ್ಟಿದಳು. “ನಾಳಿ ಮುಂಜಾನಿ ಬಸ್ಸಿಗೆ ಹೋಗಿ ಕರಕೊಂಡು ಬಾ.”

“ನೀನೂ ಬಾರವ್ವ.”

“ನಾ ಬಿಟ್ಟು ಬಂಡಿ ಹತ್ತಿದಾಕಿ. ನನ್ನ ದನಿಗೆ ಬರಂಗಿಲ್ಲ. ಆಕಿ ಕಾಯೋದು ಅಕ್ಕನ್ನ.”

ಹಳದಿ ಫ್ರಾಕನ್ನು ನನ್ನ ಚೀಲದಲ್ಲಿ ಅವಳೇ ಇಟ್ಟಳು.

ಕುರುಗೋಡಿನ ನಮ್ಮ ಹಳೆಯ ಮನೆಯಲ್ಲಿ ಈರಮ್ಮ ಎನ್ನುವ ಹೆಂಗಸು ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಯಾರ ಮಗಳು ಎಂದು ಕೇಳಿ, ಹೇಳಿದ ಮೇಲೆ ಮೊರ ಕೆಳಗಿಟ್ಟಳು.

“ನರ್ಸಮ್ಮನ ಮಗಳಾ? ಅಯ್ಯ ನನ್ನವ್ವ, ನನ್ನ ಹಿರೇಮಗನ್ನ ಹಡಿಸಿದಾಕಿ ನಿಮ್ಮವ್ವ! ‘ಬಾಯಿ ಮುಚ್ಚಿ ಮುಕ್ಕರೀಲೇ’ ಅಂತ ಎಂಥಾ ಬೈಗುಳ ಬೈದಿದ್ಲಂತಿ! ಒಳಗ ಬಾ. ಮನಿ ನೋಡಾಕ ಬಂದೇನು? ನೋಡು, ಎಲ್ಲಾ ಚಲೋ ಐತಿ. ಇದೊಂದು ಬಾಗಲದ್ದ ಗೋಳು.”

“ಏನಾಗೈತ್ರಿ?”

“ಎಡಗದ ಪೂರಾ ತೆರಿಯಂಗಿಲ್ಲವ್ವ. ಗ್ವಾಡಿಗೆ ಒಂದು ಗೇಣು ಇರೋವಾಗ್ಲೇ ನಿಂತುಬಿಡತೈತಿ. ಬಡಿಗ್ಯಾರ ಎರ್ರಣ್ಣ ಎರಡು ಸಲ ಬಿಚ್ಚಿ ಜೋಡಿಸ್ದ. ಹಿಂದ ನೋಡಿದ್ರ ಏನೂ ಇಲ್ಲ. ಒತ್ತಿ ತಳ್ಳಾಕ ಮಾತ್ರ ನನಗ ಮನಸ್ಸು ಬರಂಗಿಲ್ಲ, ಯಾಕೋ.”

ಅವಳು ನನಗೆ ನೀರು ತರಲು ಒಳಗೆ ಹೋದಳು. ನಾನು ಹೊಸ್ತಿಲ ಹೊರಗೆ ಬಂದು ನಿಂತೆ. ಕದದ ಹಿಂದಿನ ಸಂದಿಯಲ್ಲಿ ಹಗಲಿನಲ್ಲೂ ಕತ್ತಲಿತ್ತು. ಎರಡೂವರೆ ವರ್ಷದವಳನ್ನು ಕರೆಯಬೇಕೋ ಒಂಬತ್ತು ವರ್ಷದವಳನ್ನೋ ತಿಳಿಯಲಿಲ್ಲ.

“ಜಂಬೀ, ಬಾ, ಹೊಂಟೀವಿ.”

ಏನೂ ಇಲ್ಲ.

“ಜಂಬೀ, ಬಾ, ಹೊಂಟೀವಿ. ಅಕ್ಕ ಮರತಿದ್ದಿಲ್ಲ ಲೇ, ಬೇಕಂತ ಬಿಟ್ಟು ಹೋಗಿದ್ಲು. ಜಂಬೀ, ಬಾ.”

ನೀರಿನ ಚೊಂಬು ಹಿಡಿದು ಬಂದ ಈರಮ್ಮ ಅಲ್ಲೇ ನಿಂತುಬಿಟ್ಟಳು. ಆಮೇಲೆ ಚೊಂಬು ನನ್ನ ಕೈಗಿಟ್ಟಳು. ನಾನು ನೀರು ಕುಡಿದು, ಹೋಗಿ ಬರುತ್ತೇನೆಂದು ಹೇಳಿ, ಓಣಿಗೆ ಇಳಿದೆ. ಹತ್ತು ಹೆಜ್ಜೆ ಹೋಗಿರಬೇಕು. ಹಿಂದೆ ಕದ ಗೋಡೆಗೆ ತಾಗಿದ ಸದ್ದು ಕೇಳಿಸಿತು, ದಡ್ ಎಂದು. “ಅಯ್ಯ ಶಿವನ!” ಎಂದಳು ಈರಮ್ಮ. ನಾನು ತಿರುಗಿ ನೋಡಲಿಲ್ಲ. ಎಡಗೈಯನ್ನು ಮಾತ್ರ ಸ್ವಲ್ಪ ಹಿಂದಕ್ಕೆ ಚಾಚಿ, ಬೆರಳು ಬಿಡಿಸಿಕೊಂಡು, ಮೆಲ್ಲಗೆ ನಡೆದೆ.

ಬಸ್ಸಿನಲ್ಲಿ ಕಿಟಕಿ ಕಡೆಯ ಸೀಟಿನ ಮೇಲೆ ಹಳದಿ ಫ್ರಾಕು ಹಾಸಿ, ಪಕ್ಕದಲ್ಲಿ ಕೂತೆ. ಬಸ್ಸು ತುಂಬಿತು. ಕಂಡಕ್ಟರು ಬಂದ.

“ಆ ಸೀಟು ಯಾರದವ್ವ? ಮಂದಿ ನಿಂತಾರ.”

“ನನ್ನ ತಂಗೀದು.”

“ಬರೇ ಅಂಗಿ ಕುಂತೈತಿ. ತಂಗಿ ಎಲ್ಲಿ?”

“ಬಂದಾಳ್ರಿ.”

ಅವನು ಬಾಗಿಲ ಕಡೆ ನೋಡಿದ, ನನ್ನ ಮುಖ ನೋಡಿದ. ನಿಂತವರಲ್ಲಿ ಯಾರೋ ನಕ್ಕರು. ಅವನು ನಗಲಿಲ್ಲ.

“ಎಷ್ಟು ವರ್ಷ ಆಕಿಗೆ?”

“ಒಂಬತ್ತು.”

“ಹಂಗಾರ ಅರ್ಧ,” ಎಂದು ಒಂದು ಪೂರ್ತಿ, ಒಂದು ಅರ್ಧ ಟಿಕೇಟು ಹರಿದು ಕೊಟ್ಟ. ಬಳ್ಳಾರಿಯವರೆಗೆ ಆ ಸೀಟಿನಲ್ಲಿ ಯಾರೂ ಕೂರಲಿಲ್ಲ.

ಆಮೇಲೆ ನನ್ನ ಗಂಡನ ನೌಕರಿಯಲ್ಲಿ ನಾನು ಐದು ಮನೆ ಬಿಟ್ಟಿದ್ದೇನೆ. ಹೊಸ್ತಿಲಲ್ಲಿ ನಿಂತು ನನ್ನ ಇಬ್ಬರು ಗಂಡುಮಕ್ಕಳನ್ನು ಕರೆದು, ಇನ್ನೂ ಒಂದು ಹೆಸರು ಕರೆದಿದ್ದೇನೆ. ಯಾರದು ಎಂದು ಮಕ್ಕಳು ಕೇಳಿದಾಗ, ನಿಮ್ಮ ಚಿಕ್ಕಮ್ಮ ಎಂದಿದ್ದೇನೆ. ಆದರೆ ಆ ದಿನ ನಾನು ಯಾರನ್ನಾದರೂ ಕರೆತಂದೆನೋ ಇಲ್ಲವೋ ಎಂಬುದು ನನಗೆ ಇಂದಿಗೂ ಗೊತ್ತಿಲ್ಲ. ಬಳ್ಳಾರಿಯಲ್ಲಿ ಬಸ್ಸಿಳಿದು ಅವ್ವನ ಮುಖ ನೋಡುವವರೆಗೆ ಎಡಗೈಯ ಬೆರಳು ಬಿಡಿಸಿಕೊಂಡೇ ನಡೆದೆ, ಅಷ್ಟು ಗೊತ್ತು.

ಅವಳು ಎತ್ತರದ ಬಾಗಿಲಲ್ಲಿ ನಿಂತಿದ್ದಳು. ನನ್ನನ್ನು ನೋಡಲಿಲ್ಲ. ನನ್ನ ಎಡಗೈಯ ಪಕ್ಕಕ್ಕೆ, ಒಂಬತ್ತು ವರ್ಷದ ಹುಡುಗಿಯ ತಲೆ ಬರುವ ಎತ್ತರಕ್ಕೆ ನೋಡಿದಳು. ಅಪ್ಪನ ಮೆಷಿನ್ನಿನ ಸದ್ದು ನಿಂತಿತು.

“ಎಷ್ಟು ಸೊರಗೀಯಲೇ,” ಎಂದಳು ಅವ್ವ.

ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು ಒಳಗೆ ತಿರುಗಿದಳು. “ಇಬ್ರೂ ಕೈಕಾಲು ತೊಳಕೊಂಡು ಬರ್ರಿ. ರೊಟ್ಟಿ ಆರತಾವು.”

ನಾನು ಹೊಸ್ತಿಲು ದಾಟಿದೆ. ಕದ ಹಾಕಲು ಕೈ ಎತ್ತಿದವಳು, ಒಂದು ಗಳಿಗೆ ತಡೆದು ನಿಂತೆ.