ಹಂಡೆ ಒಲೆಯ ಹೊಗೆಕೊಳವೆ

ನಾನು ಒಂದು ಹೊಗೆಕೊಳವೆ. ಅರಸೀಕೆರೆಯ ದಸ್ತಗೀರ್ ಸಾಹೇಬರ ತಗಡಿನ ಅಂಗಡಿಯಲ್ಲಿ ಹುಟ್ಟಿದೆ. ಸ್ಟೀಲಿನ ಹಾಳೆಯನ್ನು ಸುತ್ತಿ, ಅಂಚು ಮಡಚಿ, ಸುತ್ತಿಗೆಯಿಂದ ಬಡಿದು ಬಡಿದು ನನ್ನನ್ನು ಮಾಡಿದರು. ಅಷ್ಟು ಬಡಿದವರೇ ಕೊನೆಗೆ ಬೆನ್ನು ಸವರಿ, "ಏನ್ ಚೆಂದ ಬಂದಿದ್ದೀಯಪ್ಪಾ" ಎಂದರು. ಅಂದಿನಿಂದ ಹೊಗಳುವವರನ್ನು ಕಂಡರೆ ನನಗೆ ಅನುಮಾನ.

ನನ್ನನ್ನು ಕೊಂಡವರು ಮರುಳಪ್ಪನವರು. ಅವರ ಮನೆಯ ಬಚ್ಚಲಲ್ಲಿ ದೊಡ್ಡ ತಾಮ್ರದ ಹಂಡೆ, ಅದರಡಿ ತೆಂಗಿನ ಮಟ್ಟೆ ಉರಿಸುವ ಒಲೆ, ಒಲೆಯ ಹಿಂದೆ ಇಟ್ಟಿಗೆಯ ಹಳೇ ಹೊಗೆಗೂಡು. ಗೂಡು ಬಿರುಕು ಬಿಟ್ಟು ಹೊಗೆಯೆಲ್ಲ ಪಕ್ಕದ ಕೋಣೆಗೆ ನುಗ್ಗುತ್ತಿತ್ತು. ಮಗಳು ಚಂದ್ರಿಕಾ ಹೆರಿಗೆಗೆ ತವರಿಗೆ ಬರುವವಳಿದ್ದಳು. ಬಾಣಂತಿ ಮಲಗಬೇಕಾದದ್ದು ಅದೇ ಕೋಣೆಯಲ್ಲಿ. ಅದಕ್ಕೇ ಗೂಡಿನೊಳಗೆ ನನ್ನನ್ನು ಇಳಿಸುವುದೆಂದು ತೀರ್ಮಾನವಾಯಿತು.

ತಾರಸಿಯ ಮೇಲಿಂದ ಹಗ್ಗ ಕಟ್ಟಿ ನನ್ನನ್ನು ಕತ್ತಲೆಗೆ ಬಿಟ್ಟರು. ಸುತ್ತಲಿನ ಸಂದಿಗೆ ಜೇಡಿಮಣ್ಣು ತುಂಬಿದರು. ಕೆಳಗೆ ನನ್ನ ಬಾಯಿ ಒಲೆಯ ಮೇಲೆ, ಕೈಗೆ ಎಟಕುವಷ್ಟು ಎತ್ತರದಲ್ಲಿ ನಿಂತಿತು. ಕಣ್ಣು ಬಿಟ್ಟರೆ ಎದುರಿಗೇ ಮನೆಯ ಯಜಮಾನಿ ಸಿದ್ದಗಂಗಮ್ಮ, ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು.

"ಬೆಳ್ಳಗಿರೋದೆಲ್ಲ ಹಾಲಲ್ಲ ಕಣ್ರೀ. ಇದು ಬಿಸೀನೆಲ್ಲ ಮೇಲಕ್ಕೆ ಎಳ್ಕೊಂಡು ಹೋಗ್ತೈತೆ, ನೋಡ್ತಿರಿ."

ಅನುಮಾನ ಪಡುವುದರಲ್ಲಿ ನನ್ನನ್ನು ಮೀರಿಸುವ ಜೀವ ಇದೊಂದೇ ಅನ್ನಿಸಿತು. ಹಾಲಿನವನ ಹಾಲಿಗೆ ಬೆರಳು ಅದ್ದಿ ನೋಡುವಳು. ಸಾಂಬ್ರಾಣಿಯನ್ನು ಮೂಸಿ ನೋಡಿ ಅಂಗಡಿಗೆ ವಾಪಸ್ ಕಳಿಸುವಳು. ನಾನು ಹೊಗೆಯನ್ನೆಲ್ಲ ಹೊರಗೆ ಸಾಗಿಸಿದರೂ ದಿನಾ ಹಂಡೆಯ ನೀರು ಮುಟ್ಟಿ, "ಮುಂಚಿನಷ್ಟು ಕಾದಿಲ್ಲ" ಎನ್ನುವಳು. ನನಗೂ ಅವಳ ಮೇಲೆ ಹಗೆ ಹುಟ್ಟಿತು.

ಚಂದ್ರಿಕಾ ಹೆತ್ತು ಹೆಣ್ಣು ಕೂಸಿನೊಂದಿಗೆ ಆಸ್ಪತ್ರೆಯಿಂದ ಬಂದಳು. ಬಾಣಂತಿಗೆ ಗಾಳಿ ಸೋಕಬಾರದೆಂದು ಸಿದ್ದಗಂಗಮ್ಮ ಬಚ್ಚಲ ಕಿಟಕಿಗೆ ಗೋಣಿ ಬಡಿಸಿದಳು, ಬಾಗಿಲ ಸಂದಿಗೆ ಹಳೇ ಬಟ್ಟೆ ತುರುಕಿದಳು. ನೀರು ಹಾಕಿದ ಮೇಲೆ ತಾಯಿ ಮಗು ಇಬ್ಬರನ್ನೂ ಕಂಬಳಿಯಲ್ಲಿ ಸುತ್ತಿ, ಬೆವರಲಿ ಎಂದು ಒಲೆಯ ಪಕ್ಕದಲ್ಲೇ ಕೂರಿಸಿ ಬಾಗಿಲು ಹಾಕಿಕೊಂಡು ಹೋಗುವಳು. ಚಂದ್ರಿಕಾ ಒಳಗಿನಿಂದ ದಿನಾ ಗೊಣಗುವಳು: "ಅಮ್ಮಾ, ಸಾಕು ಬಾಗ್ಲು ತೆಗಿಯೇ, ಬೆಂದೋಗ್ತಿದೀನಿ!"

ಮಾಗಿಯ ಒಂದು ಬೆಳಿಗ್ಗೆ ಕುಳಿರ್ಗಾಳಿ ಮೇಲಿನಿಂದ ನನ್ನೊಳಗೆ ನುಗ್ಗಿ ಹೂಂ ಎಂದಿತು. ಸಿದ್ದಗಂಗಮ್ಮ ಬೆಚ್ಚಿಬಿದ್ದು ನನ್ನತ್ತ ನೋಡಿದಳು. ಮಗಳ ಕಂಬಳಿಯನ್ನು ಇನ್ನಷ್ಟು ಬಿಗಿಯಾಗಿ ಸುತ್ತಿದಳು. ಉರಿ ಆರಿ ಬರೀ ಕೆಂಡ ಉಳಿದಾಗ ಒಂದು ಹಳೇ ಸೀರೆಯನ್ನು ಒದ್ದೆ ಮಾಡಿ, ಹಿಂಡಿ, ಮುದ್ದೆ ಕಟ್ಟಿ ನನ್ನ ಬಾಯಿಗೆ ತುರುಕಿದಳು. ಬಾಗಿಲು ಹಾಕಿಕೊಂಡು ಅಡುಗೆಮನೆಗೆ ಹೋದಳು.

ನನ್ನನ್ನು ಕೆಲಸಕ್ಕೆ ಬಾರದವನೆಂದು ತೋರಿಸಲು ಹೂಡಿದ ಆಟ ಇದೆಂದು ನಾನು ಕುದಿದುಹೋದೆ. ಆದರೆ ಬೇಗನೆ ಹೆದರಿಕೆ ಹತ್ತಿತು. ಕೆಂಡಕ್ಕೆ ಹೊಗೆಯಿಲ್ಲ, ಆದರೆ ವಿಷವಿದೆ. ಅದು ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ಹತ್ತುವುದಿಲ್ಲ. ಅದನ್ನು ಹೊರಗೆ ಒಯ್ಯಬೇಕಾದವನು ನಾನು, ನನ್ನ ಬಾಯಿಯೇ ಕಟ್ಟಿತ್ತು. ಚಂದ್ರಿಕಾಳ ತಲೆ ಮೆಲ್ಲಗೆ ಗೋಡೆಗೆ ವಾಲಿತು. ಕೂಸು ತೊಡೆಯಿಂದ ಜಾರತೊಡಗಿತು. ಕೂಗಲು ನನಗೆ ಗಂಟಲಿರಲಿಲ್ಲ.

ಹೊರಗೆ ಸಿದ್ದಗಂಗಮ್ಮನ ದನಿ ಕೇಳಿಸಿತು. "ಇವತ್ತು ಯಾಕೆ ಗೊಣಗ್ತಿಲ್ಲ ಇವಳು?"

"ಒಂದಿನ ಸುಮ್ನೆ ಕೂತವಳೆ, ಅದಕ್ಕೂ ಅನುಮಾನವಾ?" ಎಂದರು ಮರುಳಪ್ಪ. "ಅನುಮಾನಂ ಪೆದ್ದ ರೋಗಂ ಅಂತ ಸುಮ್ನೆ ಹೇಳಿಲ್ಲ."

"ನನ್ನ ಮಗಳು ಸುಮ್ನೆ ಕೂರೋಳಲ್ಲ ಕಣ್ರೀ!"

ಬಾಗಿಲು ದಡಾರನೆ ತೆರೆಯಿತು. ಒಂದು ಕೈಲಿ ಕೂಸನ್ನು ಎತ್ತಿ, ಇನ್ನೊಂದು ಕೈಲಿ ಮಗಳ ರಟ್ಟೆ ಹಿಡಿದು ಅವಳು ಹಿತ್ತಲಿಗೆ ಎಳೆದಳು. ಮಗಳ ಮೈಗೆ ಒಂದು ಎಳೆ ಗಾಳಿಯೂ ಸೋಕದಂತೆ ಕಾದವಳು ಆ ಕೊರೆವ ಚಳಿಯಲ್ಲಿ ಕಂಬಳಿ ಕಿತ್ತೆಸೆದು, "ಗಾಳಿ ಬೀಸ್ರೀ, ಯಾರಾದ್ರೂ ಗಾಳಿ ಬೀಸ್ರೀ!" ಎಂದು ಅರಚುತ್ತಿದ್ದಳು. ಮರುಳಪ್ಪ ಮೊರ ಹಿಡಿದು ಓಡಿಬಂದರು. ಕೊನೆಗೆ ಕೂಸು ಅತ್ತಿತು. ಸ್ವಲ್ಪ ಹೊತ್ತಿಗೆ ಚಂದ್ರಿಕಾ ಕಣ್ಣು ಬಿಟ್ಟು, "ಚಳಿ ಕಣಮ್ಮಾ" ಎಂದಳು. ಇಬ್ಬರನ್ನೂ ಆಸ್ಪತ್ರೆಗೆ ಒಯ್ದು ತೋರಿಸಿಕೊಂಡು ಬಂದರು.

ಸಂಜೆ ಸಿದ್ದಗಂಗಮ್ಮ ಒಬ್ಬಳೇ ಬಚ್ಚಲಿಗೆ ಬಂದು ನನ್ನ ಬಾಯಿಂದ ಸೀರೆ ಎಳೆದಳು. ಬಹಳ ಒಗೆದು ಮೆತ್ತಗಾದ ಆ ಸೀರೆಯಲ್ಲೇ ಅವಳು ಚಂದ್ರಿಕಾಳನ್ನು ತೊಟ್ಟಿಲಲ್ಲಿ ಮಲಗಿಸುತ್ತಿದ್ದಳಂತೆ. ಅದನ್ನು ಮುಖಕ್ಕೆ ಒತ್ತಿಕೊಂಡು ಅತ್ತಳು. ನನಗೆ ಪಾಪ ಅನ್ನಿಸಿತು.

ಈಗ ಮನೆಗೆ ಸೋಲಾರ್ ಬಂದಿದೆ. ಗೂಡು ಒಡೆದು ನನ್ನನ್ನು ಹಿತ್ತಲ ಗೋಡೆಗೆ ಒರಗಿಸಿದ್ದಾರೆ. ಮೈಯೆಲ್ಲ ಮಸಿ, ಬುಡದಲ್ಲಿ ತೂತು. ಗುಜರಿಯವನು ಬಂದರೆ ಸಿದ್ದಗಂಗಮ್ಮ ಕೊಡಲು ಬಿಡುವುದಿಲ್ಲ. ಒಲೆ ಹಚ್ಚುವ ಮೊದಲು ನನ್ನೊಳಗೆ ಕೈಹಾಕಿ ತಡಕುವುದು ಆ ದಿನದಿಂದ ಅವಳಿಗೆ ರೂಢಿಯಾಗಿತ್ತು. ಈಗ ಒಲೆಯಿಲ್ಲ, ಬೆಂಕಿಯಿಲ್ಲ. ಆ ಕೂಸು ಬೆಳೆದು ರಜಕ್ಕೆ ಬಂದು ಹಿತ್ತಲಲ್ಲಿ ಕುಂಟೆಬಿಲ್ಲೆ ಆಡುತ್ತದೆ. ಅಜ್ಜಿ ಕೋಲೂರಿಕೊಂಡು ಬಂದು, ಮೊಮ್ಮಗಳನ್ನೊಮ್ಮೆ ನೋಡಿ, ಕೈಯನ್ನು ನನ್ನೊಳಗೆ ಹಾಕುತ್ತಾಳೆ.

ಒಳಗೆ ಏನೂ ಇಲ್ಲವೆಂದು ನನಗೆ ಗೊತ್ತು. ಆದರೂ ಆ ಕೈ ಬರುವವರೆಗೆ ನನಗೂ ನಂಬಿಕೆ ಬರುವುದಿಲ್ಲ.