ಐದನೇ ತಟ್ಟೆ

ಶಾಮಿಯಾನದ ಹಗ್ಗವನ್ನು ತೆಂಗಿನ ಮರಕ್ಕೆ ಬಿಗಿಯುತ್ತಿದ್ದ ದಿವ್ಯಳನ್ನು ಸೋದರತ್ತೆ ದೊಡ್ಡಮುನಿಯಮ್ಮ ಜಗಲಿಯಿಂದ ಕೂಗಿದಳು.

"ದಿವ್ಯಾ, ಗುಂಡಿ ತೋಡೋರ್ಗೆ ಹೇಳಿದ್ಯಾ?"

"ಹೇಳಿದೀನಿ ಅತ್ತೆ. ಮಾವಿನ ತೋಪಲ್ಲಿ, ಅಪ್ಪನ ಪಕ್ಕಾನೇ."

ಬೆಳಗಿನಿಂದ ಇದೇ ಆಗಿತ್ತು. ನಸುಕಿನಲ್ಲಿ ಎದೆ ಹಿಡಿದುಕೊಂಡ ಅಮ್ಮ, ಊರಿನವರ ಗಂಗಾಲಕ್ಷ್ಮಿ ಟೀಚರ್, ಶ್ರೀನಿವಾಸಪುರದ ಆಸ್ಪತ್ರೆ ಮುಟ್ಟಲಿಲ್ಲ. ಈಗ ಹೂವಿನ ಹಾರ ಹಾಕಿ, ಜಗಲಿಯ ಗೋಡೆಗೆ ಒರಗಿಸಿ ಕೂರಿಸಿದ್ದರು. ಅಣ್ಣ ಶ್ರೀಧರ್ ಅವಳ ಕಾಲು ಹಿಡಿದು ಅಳುತ್ತಿದ್ದ. ಅವನನ್ನು ಸಮಾಧಾನ ಮಾಡುವುದಕ್ಕೇ ನಾಲ್ಕು ಜನ. ತಮಟೆಯವರು, ಹೂವು, ಬಂದವರಿಗೆ ಕಾಫಿ, ಎಲ್ಲ ದಿವ್ಯಳ ತಲೆಗೆ. ಕೈಲಾಗುವವರಿಗೇ ಕೆಲಸ ಹೇಳುವುದು ಲೋಕದ ರೂಢಿ. ಅಮ್ಮ ಸತ್ತಿರುವುದು ಅವರಿಗೂ ಹೌದು ಎಂಬುದು ಲೋಕಕ್ಕೆ ಮರೆತೇ ಹೋಗುತ್ತದೆ. ಎತ್ತಿಕೊಂಡು ಹೋಗುವ ಮೊದಲು ಒಂದು ಗಳಿಗೆ ಅಮ್ಮನ ಪಕ್ಕ ಕೂರಬೇಕು. ದಿವ್ಯಳಿಗೆ ಬೇಕಾಗಿದ್ದು ಅಷ್ಟೇ.

ರಾಯಲ್ಪಾಡಿನಿಂದ ಟೊಮೆಟೊ ಟೆಂಪೋದಲ್ಲಿ ಆಂಜಿ ಬಂದಿಳಿದ. ಅಮ್ಮನ ಹಳೆಯ ವಿದ್ಯಾರ್ಥಿ.

"ಅಕ್ಕಾ, ನಂಗೆ ಕನ್ನಡ ಒಂದಕ್ಷರ ಬರ್ತಿರ್ಲಿಲ್ಲ. ಮನೇಲೆಲ್ಲಾ ತೆಲುಗೇ ಅಲ್ವಾ? ಟೀಚರು 'ಚೆಪ್ಪು ನಾಯನಾ', ಹೇಳಪ್ಪಾ ಅಂತ ತೆಲುಗಲ್ಲೇ ಶುರು ಮಾಡೋರು. ಒಂದು ವರ್ಷ ನನ್ನ ಪಕ್ಕಾನೇ ಕೂತಿದ್ರು."

ದಿವ್ಯ ಅವನ ಕೈಗೆ ಕಾಫಿ ಲೋಟ ಕೊಟ್ಟಳು. ಹೊಟ್ಟೆಕಿಚ್ಚಾಯಿತು. ಸಾವಿನ ಮನೆಯಲ್ಲೂ ಹೊಟ್ಟೆಕಿಚ್ಚೇ ಎಂದು ನಾಚಿಕೆಯೂ ಆಯಿತು.

*

ಅಮ್ಮನ ನಲಿ-ಕಲಿ ಕೋಣೆಯಲ್ಲಿ ಒಂದರಿಂದ ಮೂರನೇ ಕ್ಲಾಸಿನ ಮಕ್ಕಳೆಲ್ಲ ಒಟ್ಟಿಗೇ. ಯಾರಿಗೆ ಎಷ್ಟು ಬರುತ್ತದೋ ಅದರಂತೆ ಐದು ಗುಂಪು. ಗುಂಪಿಗೆ ತಟ್ಟೆ ಎಂದು ಹೆಸರು. ಏನೂ ಬಾರದವರು ಒಂದನೇ ತಟ್ಟೆ, ಟೀಚರ ಮೊಣಕಾಲಿಗೆ ಮೊಣಕಾಲು ತಾಗಿಸಿ. ತಾವೇ ಕಲಿಯಬಲ್ಲವರು ಐದನೇ ತಟ್ಟೆ, ದೂರ, ಬಾಗಿಲ ಹತ್ತಿರ. ಅಕ್ಷರ ಕಲಿತೇ ಶಾಲೆಗೆ ಬಂದ ದಿವ್ಯ ಅಲ್ಲಿ.

ಒಂದು ದಿನ ಅವಳು ಕಾರ್ಡಿನ ಪದಗಳನ್ನೆಲ್ಲ ಬೇಕೆಂದೇ ತಪ್ಪು ಓದಿದಳು. ಮಾರನೆಯ ದಿನ ಒಂದನೇ ತಟ್ಟೆ! ಅಮ್ಮನ ಸೀರೆಯ ನೆರಿಗೆ ಅವಳ ಕಾಲಿಗೆ ತಾಗುತ್ತಿತ್ತು. ಆ ಸುಖ ಮಧ್ಯಾಹ್ನದ ಊಟದವರೆಗೂ ಉಳಿಯಲಿಲ್ಲ. ಆಂಜಿ 'ಬಸವ' ಓದಲಾರದೆ ತಡವರಿಸುವಾಗ ತಡೆಯಲಾರದೆ ಅವನ ಕಿವಿಯಲ್ಲಿ ಹೇಳಿಬಿಟ್ಟಳು.

ಅಮ್ಮ ಬೈಯಲಿಲ್ಲ. "ನಿಂಗೆ ಬರುತ್ತೆ ಕಣೇ. ಬರ್ದೇ ಇರೋರ್ಗೆ ಜಾಗ ಬಿಡು."

"ಸರಿ ಟೀಚರ್," ಎಂದು ದಿವ್ಯ ತಾನಾಗಿಯೇ ಎದ್ದು ಹೋದಳು. ಶಾಲೆಯಲ್ಲಿ ಅಮ್ಮ ಎನ್ನುವಂತಿರಲಿಲ್ಲ. ಮನೆಯಲ್ಲಿ ಅಮ್ಮ ಎನ್ನಬಹುದಿತ್ತು. ಆದರೆ ಅಲ್ಲಿ ಉಬ್ಬಸದ ಶ್ರೀಧರ್ ಇದ್ದ.

*

"ಹೊತ್ತಾಯ್ತು, ಎತ್ರಪ್ಪಾ," ಎಂದರು ಯಾರೋ. ತಮಟೆ ಜೋರಾಯಿತು.

"ದಿವ್ಯಾ, ಬಾಯಿಗೆ ಹಾಕಕ್ಕೆ ಅಕ್ಕಿ ತಾರವ್ವ. ಹಂಗೇ ಎಲೆ ಅಡಿಕೆ," ಎಂದಳು ದೊಡ್ಡಮುನಿಯಮ್ಮ.

ದಿವ್ಯ ಹೊಸ್ತಿಲವರೆಗೆ ಹೋಗಿ ನಿಂತಳು. ತಿರುಗಿ ಬಂದು, ಅಮ್ಮನ ಪಕ್ಕ ಗೋಡೆಗೆ ಒರಗಿ ಕೂತಳು.

"ಏನವ್ವಾ, ಸುಸ್ತಾಯ್ತಾ?"

"ಇಲ್ಲ ಅತ್ತೆ. ನಾನಿಲ್ಲಿ ಕೂರ್ಬೇಕು."

"ಈಗ್ಲಾ? ಅಕ್ಕಿ ಯಾರ್ ತರ್ತಾರೆ?"

"ಅಣ್ಣ ತರ್ತಾನೆ."

ಶ್ರೀಧರ್ ಕಣ್ಣೊರೆಸಿಕೊಂಡು ತಂಗಿಯ ಮುಖ ನೋಡಿದ. ಎದ್ದು ಒಳಗೆ ಹೋದ. ಅಡುಗೆಮನೆಯಲ್ಲಿ ಒಂದಾದ ಮೇಲೊಂದು ಡಬ್ಬಿಯ ಮುಚ್ಚಳ ತೆಗೆಯುವ ಸದ್ದು.

"ದಿವ್ಯಾ, ಯಾವ ಡಬ್ಬೀಲೇ?"

ಅವಳಿಗೆ ಗೊತ್ತಿತ್ತು. ಹೇಳಲಿಲ್ಲ. ಅಮ್ಮನ ತಣ್ಣಗಿನ ಕೈಯನ್ನು ಮಡಿಲಿಗೆ ಎಳೆದುಕೊಂಡಳು. ಒಳಗೆ ಅಣ್ಣ ಇನ್ನೊಂದು ಮುಚ್ಚಳ ತೆಗೆದ.